ಮಡಿವಾಳಯ್ಯ ಸೂಜಿ ಹಿಡಿದದ್ದು

ಚಿತ್ತಾಪುರದ ಒಂದು ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾಗಿದ್ದ ಮಡಿವಾಳಯ್ಯನಿಗೆ ಕಸೀದಾ ಬರುತ್ತಿತ್ತು. ಕಸೀದಾ ಎಂದರೆ ಉರ್ದುವಿನಲ್ಲಿ ದೊಡ್ಡವರನ್ನು ಹಾಡಿ ಹೊಗಳುವ ಪದ್ಯ. ಅಂಥ ಪದ್ಯಗಳು ಸಾವಿರಾರು ಇವೆಯಂತೆ. ಮಡಿವಾಳಯ್ಯನಿಗೆ ಬರುತ್ತಿದ್ದುದು ಒಂದು.

ಅದೂ ಶಾಲೆಯಲ್ಲಿದ್ದಾಗ ಉಸ್ತಾದರು ಬಾಯಿಪಾಠ ಮಾಡಿಸಿದ್ದು. ಆದರೆ ಹದಿನೈದು ವರ್ಷ ಹೇಳಿ ಹೇಳಿ, ಅದನ್ನು ಕಟ್ಟಿದವನು ತಾನೇ ಎಂದು ಅವನಿಗೆ ಪೂರ್ತಿ ಖಾತ್ರಿಯಾಗಿಹೋಗಿತ್ತು. ನಿಜಾಮರ ಅಮಲಿನಲ್ಲಿ ಯಾವ ಸಾಹೇಬರು ವರ್ಗವಾಗಿ ಬಂದರೂ ಮಡಿವಾಳಯ್ಯ ಎದ್ದು ನಿಂತು, ಟೋಪಿ ಸರಿಮಾಡಿಕೊಂಡು ಆ ಪದ್ಯ ಹೇಳುತ್ತಿದ್ದ. ಅವರು ಹೋಗುವಾಗಲೂ ಅದೇ. ಹೆಸರಷ್ಟೇ ಬದಲು. ಸಾಹೇಬರ ಹೆಸರು ಉದ್ದವಿದ್ದರೆ ಸಾಲಿನಿಂದ ಒಂದು ಹಕ್ಕಿಯನ್ನು ಹಾರಿಸಿಬಿಡುತ್ತಿದ್ದ. ಮೋಟು ಹೆಸರಿದ್ದರೆ ಹಕ್ಕಿ ಮರಳಿ ಬಂದು ಕೂರುತ್ತಿತ್ತು.

ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳಿಕೆ ಮುಗಿದ ಮೇಲೆ ಕಚೇರಿಯೊಳಗೆ ಕನ್ನಡ ಬಂತು, ಹೊರಗಿನ ಸಾಹೇಬರು ಬಂದರು, ಕಸೀದಾ ಕೇಳುವವರು ಇಲ್ಲವಾದರು. ನಾಲ್ಕು ವರ್ಷ ಆ ಪದ್ಯ ಮಡಿವಾಳಯ್ಯನ ಹೊಟ್ಟೆಯಲ್ಲಿ ಅರಗದ ಕಡುಬಿನಂತೆ ಕುಳಿತಿತ್ತು.

ಆಗ ಮುಂಬೈ ಸರಕಾರದಿಂದ ಎರವಲಾಗಿ ಧಾರವಾಡದ ಕರ್ಜಗಿ ಸಾಹೇಬರು ಬಂದರು. ಕಚೇರಿಯಲ್ಲಿ ಹಂಗಾಮಿ ಗುಮಾಸ್ತರು ಇಬ್ಬರು: ಮಡಿವಾಳಯ್ಯ ಒಬ್ಬ, ಅಂಬಾರಾಯ ಇನ್ನೊಬ್ಬ. ಖಾಯಂ ಜಾಗ ಒಂದೇ. ಆ ಜಾಗಕ್ಕೆ ಯಾರ ಹೆಸರು ಬರೆಯಬೇಕೆಂಬುದು ಕರ್ಜಗಿ ಸಾಹೇಬರ ಕೈಯಲ್ಲಿತ್ತು. ಉಳಿದವನು ಧೂಳು ಕುಡಿಯುತ್ತ ಚಿಂಚೋಳಿಯ ಕಡೆಯ ಯಾವುದಾದರೂ ಠಾಣೆಗೆ ಹೋಗಬೇಕು. ಇಲ್ಲವೇ ಮನೆಗೆ.

ಬಂದ ಮೂರನೆಯ ದಿನ ಸಾಹೇಬರು ಇಬ್ಬರನ್ನೂ ಬಂಗಲೆಗೆ ಕರೆಸಿ, ಚಹಾ ಕೊಡಿಸಿ, ಕೇಳಿದರು: “ನೌಕರಿ ಹ್ಯಾಂಗೂ ಮಾಡ್ತೀರಿ. ಅದು ಬಿಟ್ಟು ನಿಮಗ ಮತ್ತೇನು ಬರ್ತೈತಿ?”

ಅಂಬಾರಾಯ, ಭಜನೆಯಲ್ಲಿ ತಾಳ ಬಡಿಯಲು ಬರುತ್ತದೆಂದ. ಸಾಹೇಬರು “ಛಲೋ” ಎಂದರು, ಆದರೆ ಅದರಲ್ಲಿ ಜೀವವಿರಲಿಲ್ಲ. ಮಡಿವಾಳಯ್ಯ ಎದೆ ಸೆಟೆಸಿ, “ನನಗ ಕಸೀದಾ ಬರ್ತದರಿ” ಎಂದ.

ಇಲ್ಲಿ ಒಂದು ಮಾತು ಹೇಳಬೇಕು. ಬಟ್ಟೆಯ ಮೇಲೆ ಸೂಜಿದಾರದಿಂದ ಹೂಬಳ್ಳಿ ತೆಗೆಯುವುದಕ್ಕೆ ಕಶೀದಾ ಎನ್ನುತ್ತಾರೆ. ಉರ್ದುವಿನಲ್ಲೂ ಹಾಗೆಯೇ, ಮರಾಠಿಯಲ್ಲೂ ಹಾಗೆಯೇ. ಧಾರವಾಡದ ಹೆಣ್ಣುಮಕ್ಕಳಿಗಂತೂ ಅದು ದಿನಬಳಕೆಯ ಮಾತು. ಕಸೀದಾ ಪದ್ಯ, ಕಶೀದಾ ಹೊಲಿಗೆ. ಆದರೆ ಈ ಸೀಮೆಯ ನಾಲಿಗೆಗೆ ಸ ಮತ್ತು ಶ ಎರಡೂ ಒಂದೇ ಮನೆಯ ಮಕ್ಕಳು. ಯಾರನ್ನು ಕರೆದರೂ ಇಬ್ಬರೂ ಓಡಿ ಬರುತ್ತಾರೆ. ಸಾಹೇಬರ ಕಿವಿಗೆ ಶ ಬಂತು.

“ವಿಮಲಾ! ಹೊರಗ ಬಾ. ನಮ್ಮ ಗುಮಾಸ್ತರಿಗೆ ಕಶೀದಾ ಬರ್ತೈತಂತ!”

ಸಾಹೇಬರ ಹೆಂಡತಿ ವಿಮಲಾಬಾಯಿ ಚಿತ್ತಾಪುರದಲ್ಲಿ ಮಹಿಳಾ ಮಂಡಳ ತೆರೆಯಬೇಕೆಂದು ಬಂದ ದಿನದಿಂದ ಹಟ ಹಿಡಿದಿದ್ದರು. ಕಶೀದಾ ಎಂಬ ಮಾತು ಕೇಳಿ ಒದ್ದೆ ಕೈಯಲ್ಲೇ ಹೊರಗೆ ಬಂದರು.

“ಖರೇನಾ? ಗಂಡಸರಾಗಿ! ಕೈಲೇ ಮಾಡ್ತೀರೋ, ಮಶೀನಿನ ಮ್ಯಾಲೋ?”

ಮಶೀನಿನ ಮೇಲೆ ಪದ್ಯ ಕಟ್ಟುವುದನ್ನು ಮಡಿವಾಳಯ್ಯ ಕೇಳಿರಲಿಲ್ಲ. ಧಾರವಾಡ ಮುಂದುವರಿದ ಊರು, ಇರಬಹುದು ಎಂದುಕೊಂಡ. “ಮಶೀನ್ ಯಾಕ ಬೇಕ್ರಿ ಬಾಯಿಯವರ? ಖಾಸ್ ಕೈಲೇ.”

“ಮೊದಲ ಏನು ತೆಗೀತೀರಿ?”

“ಮೊದಲ ತೋಟ ರೀ. ಗುಲಾಬಿ ಹೂ, ಬಳ್ಳಿ. ಬಳ್ಳಿ ಮ್ಯಾಲೊಂದು ಬುಲ್‌ಬುಲ್.”

“ಅಯ್ಯ, ಬುಲ್‌ಬುಲ್ ಸೈತ ಬರ್ತೈತಿ ನಿಮಗ!”

“ಬುಲ್‌ಬುಲ್ ಇಲ್ಲಂದ್ರ ಅದೇನು ಕಸೀದಾ ಬಿಡ್ರಿ. ಆಮ್ಯಾಲ ನಟ್ಟನಡು ದೊಡ್ಡವರ ಹೆಸರು. ಸುತ್ತೂಕಡೆ ಹೂ ಇರ್ತಾವಲ್ಲ, ಹೆಸರು ಎದ್ದು ಕಾಣ್ತದ.”

“ಎಷ್ಟು ದಿನ ಹಿಡೀತೈತಿ?”

“ಮನಸ್ಸು ಬಂದ್ರ ಕುಂತ ಜಾಗಾದಾಗ ಮುಗೀತದರಿ. ತಿಂಗಳಗಟ್ಲೆ ಕುಂದ್ರೋರು ಇನ್ನೂ ಕಲಿಯೋರು.”

ವಿಮಲಾಬಾಯಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. ಅವರ ಸೋದರತ್ತೆ ಒಂದು ಸೀರೆಯ ಸೆರಗಿಗೆ ಆರು ತಿಂಗಳು ಕೂತಿದ್ದರು. “ಹಂಗಾರ ನಮ್ಮ ಹೆಣ್ಣುಮಕ್ಕಳಿಗೆ ಕಲಸ್ತೀರೇನ್ರಿ?”

ಹೆಣ್ಣುಮಕ್ಕಳು ಕಸೀದಾ ಕಟ್ಟುವ ಕಾಲ ಬಂತಲ್ಲ ಎಂದು ಮಡಿವಾಳಯ್ಯನ ಕಣ್ಣು ತುಂಬಿತು. “ಇದಕ್ಕಿಂತ ದೊಡ್ಡ ಭಾಗ್ಯ ಏನದರಿ” ಎಂದ.

ಇದನ್ನೆಲ್ಲ ಪೂರ್ತಿ ಅರ್ಥಮಾಡಿಕೊಂಡವನು ಅಲ್ಲಿ ಒಬ್ಬನೇ ಇದ್ದ. ಅಂಬಾರಾಯನಿಗೆ ಉರ್ದುವೂ ಗೊತ್ತು, ಕಶೀದಾವೂ ಗೊತ್ತು, ಮಡಿವಾಳಯ್ಯನೂ ಗೊತ್ತು. ಅವನು ಬಶಿಯಲ್ಲಿದ್ದ ಚಹಾವನ್ನು ನಿಧಾನವಾಗಿ ಹೀರಿ, ಬಾಯಿ ಮುಚ್ಚಿಕೊಂಡು ಕುಳಿತ.

ಮರುದಿನ ಕಚೇರಿಯ ಜವಾನ ಒಂದು ಗಂಟು ತಂದು ಮಡಿವಾಳಯ್ಯನ ಕಟ್ಟೆಯ ಮೇಲಿಟ್ಟು ಹೋದ. ಹೆಂಡತಿ ಗುರುದೇವಿ ಬಿಚ್ಚಿದಳು. ಒಂದೂವರೆ ಗಜ ಬಿಳಿ ಬಟ್ಟೆ, ಬಟ್ಟೆಯನ್ನು ಬಿಗಿದು ಹಿಡಿಯುವ ಎರಡು ಕಟ್ಟಿಗೆಯ ಬಳೆ, ಒಂದು ಪುಡಿಕೆ ಸೂಜಿ, ಬಣ್ಣಬಣ್ಣದ ರೇಶಿಮೆ ದಾರದ ಲಡಿಗಳು. ಜೊತೆಗೆ ಒಂದು ಚೀಟಿ: “ಮುಂದಿನ ತಿಂಗಳು ಹೈದರಾಬಾದಿನಿಂದ ಮೇಲಧಿಕಾರಿ ಸರ್ವರಬೇಗಂ ಅವರು ಮಹಿಳಾ ಮಂಡಳ ಉದ್ಘಾಟನೆಗೆ ಬರುವರು. ತಾವು ಹೇಳಿದಂತೆ ಹೂ, ಬಳ್ಳಿ, ಬುಲ್‌ಬುಲ್, ನಡುವೆ ಅವರ ಹೆಸರು ತೆಗೆದುಕೊಡಬೇಕು. ಅದೇ ದಿನ ಹೆಣ್ಣುಮಕ್ಕಳ ಮುಂದೆ ಹಾಕಿ ತೋರಿಸಬೇಕು.”

ಮಡಿವಾಳಯ್ಯ ಚೀಟಿಯನ್ನು ಎರಡು ಸಲ ಓದಿದ. ಮೂರನೆಯ ಸಲ ಓದುವಾಗ ಕುಳಿತುಕೊಂಡ.

“ಇದ್ಯಾರದ್ರೀ?” ಎಂದಳು ಗುರುದೇವಿ.

“ನಂದು.”

“ಏನು ಮಾಡೋರು ನೀವು?”

“ಕಶೀದಾ.” ಈ ಸಲ ಶ ತಾನಾಗಿಯೇ ಸ್ಪಷ್ಟವಾಗಿ ಬಂತು.

ಗುರುದೇವಿ ನಕ್ಕಳು. ನಿಂತು ನಕ್ಕಳು, ಕಂಬ ಹಿಡಿದು ನಕ್ಕಳು, ಕೊನೆಗೆ ಪಕ್ಕದ ಮನೆಯ ನೀಲಾಬಾಯಿ ಗೋಡೆಯ ಮೇಲಿಂದ ಇಣುಕಿ “ಏನಾತವ್ವ?” ಎಂದು ಕೇಳುವಷ್ಟು ನಕ್ಕಳು. ಅವಳಿಗಾದರೂ ಬರುತ್ತದೆಯೇ ಎಂದರೆ ಅವಳು ಹೊಲಿದದ್ದು ಕೌದಿ ಮಾತ್ರ. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಉದ್ದಕ್ಕೆ ಸೂಜಿ ಓಡಿಸುತ್ತ ಹೋಗುವುದು. ಅದರಲ್ಲಿ ಗುಲಾಬಿಗೆ ಜಾಗವಿಲ್ಲ, ಬುಲ್‌ಬುಲ್‌ಗಂತೂ ಇಲ್ಲವೇ ಇಲ್ಲ.

“ಹೋಗ್ರಿ, ಸಾಹೇಬ್ರಿಗಿ ಖರೇ ಹೇಳಿ ಬರ್ರಿ” ಎಂದಳು.

ಮಡಿವಾಳಯ್ಯ ಖರೇ ಹೇಳಲೆಂದೇ ಹೋದ. ಆದರೆ ಸಾಹೇಬರು ಅವನನ್ನು ಕಂಡವರೇ ಎದ್ದು ಬಂದು ಭುಜದ ಮೇಲೆ ಕೈಯಿಟ್ಟರು.

“ಮಡಿವಾಳಯ್ಯನವರ, ನಿನ್ನೆ ಅಂಬಾರಾಯನ ಹೆಸರು ಬರೆದಿದ್ದೆ. ಇವತ್ತ ಹೊಡೆದು ಹಾಕಿ ನಿಮ್ಮದು ಬರೆದೆ. ಬೇಗಂ ಸಾಹೇಬರು ಬಂದು ನಿಮ್ಮ ಕೆಲಸ ನೋಡಿ ಹೋಗಲಿ, ಆಮ್ಯಾಲ ಸಹಿ. ನೀವು ಏನೋ ಹೇಳಾಕ ಬಂದಿದ್ರಿ?”

ಮಡಿವಾಳಯ್ಯ ಮೇಜಿನ ಮೇಲಿನ ಕಾಗದ ನೋಡಿದ. ಅಲ್ಲಿ ತನ್ನ ಹೆಸರಿತ್ತು, ಕನ್ನಡದಲ್ಲಿ, ದುಂಡಗೆ.

“ಹಸಿರು ದಾರ ಸ್ವಲ್ಪ ಕಡಿಮಿ ಬಿದ್ದದರಿ” ಎಂದ.

ಚಿತ್ತಾಪುರದಲ್ಲಿ ನಿಜವಾದ ಕಶೀದಾ ಬರುತ್ತಿದ್ದುದು ಜೈತುನ್ಬೀಗೆ. ದರ್ಜಿ ಮಜೀದಸಾಬನ ಹೆಂಡತಿ; ಅರವತ್ತರ ಹತ್ತಿರದವಳು. ಸೇಡಂವರೆಗಿನ ಮದುವೆ ಮನೆಗಳಲ್ಲಿ ಅವಳ ಕೈಯ ದಿಂಬಿನ ಗವಸು ಇರುತ್ತಿತ್ತು. ಆದರೆ ಅವಳನ್ನು ಕಂಡವರು ಕಡಿಮೆ. ಪಡದೆಯ ಹೆಂಗಸು, ಅಂಗಡಿಯ ಹಿಂದಿನ ಕೋಣೆಯಿಂದ ಹೊರಬರುತ್ತಿರಲಿಲ್ಲ. ಮಡಿವಾಳಯ್ಯ ಗಂಟು ಹಿಡಿದು ಅಲ್ಲಿಗೆ ಹೋಗಿ, ಪಡದೆಯ ಈಚೆ ಕುಳಿತು, ನಡೆದದ್ದನ್ನೆಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿದ.

“ಖಾಲಾ, ನೀವೇ ಹಾಕಿ ಕೊಟ್ಟುಬಿಡ್ರಿ. ನಾ ಹಾಕೀನಂತ ಹೇಳ್ತೀನಿ.”

ಪಡದೆಯ ಆಚೆ ಬಳೆಗಳು ಒಮ್ಮೆ ಸದ್ದು ಮಾಡಿ ನಿಂತವು.

“ಅಯ್ಯನೋರ, ನಲವತ್ತು ವರ್ಸ ಆತು ಸೂಜಿ ಹಿಡದು. ನನ್ನ ಹೊಲಿಗಿಯ ಟಾಕಿ ನನ್ನ ಹೆಸರು ಹೇಳ್ತಾವ. ನಿಮ್ಮ ಹೆಸರು ಹೇಳು ಅಂದ್ರ ಹೇಳೂದಿಲ್ಲ. ಕಲೀತೀರಿ ಅಂದ್ರ ಕಲಸ್ತೀನಿ. ಇಲ್ಲಂದ್ರ ಗಂಟು ತಗೊಂಡು ನಡೀರಿ.”

ಮಜೀದಸಾಬ ಕತ್ತರಿ ಆಡಿಸುತ್ತ, “ಕಲೀರಿ ಅಯ್ಯನೋರ, ಕೆಟ್ಟದ್ದೇನಿಲ್ಲ. ನಾನೂ ಆಕಿ ಹತ್ರಾನೇ ಕಲ್ತದ್ದು” ಎಂದ.

ಹೀಗೆ ಮೂವತ್ತೈದರ ವಯಸ್ಸಿನಲ್ಲಿ, ಹೆಗಲ ಮೇಲೆ ರುಮಾಲು, ಹಣೆಯ ಮೇಲೆ ಮೂರು ಬೆರಳ ವಿಭೂತಿಯ ಮಡಿವಾಳಯ್ಯನ ವಿದ್ಯಾಭ್ಯಾಸ ಪುನಃ ಆರಂಭವಾಯಿತು. ದಿನಾ ಸಂಜೆ ಕಚೇರಿ ಬಿಟ್ಟಕೂಡಲೇ ಪಾಠ. ಗುರು ಪಡದೆಯ ಆಚೆ, ಶಿಷ್ಯ ಈಚೆ. ಶಿಷ್ಯ ಹಾಕಿದ್ದನ್ನು ಪಡದೆಯ ಕೆಳಗಿನಿಂದ ಒಳಗೆ ತಳ್ಳಬೇಕು. ಗುರು ಅದನ್ನು ನೋಡಿ, ಬಿಚ್ಚಿ, ಮರಳಿ ತಳ್ಳಬೇಕು. ಮೊದಲ ವಾರ ತಳ್ಳಿದ್ದೆಲ್ಲ ಬಿಚ್ಚಿಕೊಂಡೇ ಬಂತು.

“ಮೊದಲ ಗೆರಿ, ಆಮ್ಯಾಲ ಹೊಟ್ಟಿ” ಎನ್ನುತ್ತಿದ್ದಳು ಜೈತುನ್ಬೀ. “ಎಲಿ ಇರ್ಲಿ, ಹೂ ಇರ್ಲಿ, ಸುತ್ತಿನ ಗೆರಿ ನೆಟ್ಟಗಾಗದೆ ಹೊಟ್ಟಿ ತುಂಬಬ್ಯಾಡ್ರಿ. ಗೆರಿ ತಪ್ಪಿದ ಮ್ಯಾಲ ಎಷ್ಟು ರೇಶಿಮಿ ತುಂಬಿದ್ರೂ ಹೊಟ್ಟಿಬ್ಯಾನಿ ಹತ್ತಿದವ್ರಾಂಗ ಕಾಣ್ತದ.”

ಗೆರೆಗೆ ಮೊದಲು ಓಡುವ ಹೊಲಿಗೆ: ಸೂಜಿ ಮೇಲೆ, ಕೆಳಗೆ, ಮೇಲೆ, ಕೆಳಗೆ. ಆಮೇಲೆ ಬಖಿಯಾ: ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬರುವುದು. ಕಚೇರಿಯ ಕೆಲಸವೂ ಹಾಗೆಯೇ ನಡೆಯುತ್ತಿದ್ದುದರಿಂದ ಇದು ಮಡಿವಾಳಯ್ಯನಿಗೆ ಬೇಗ ಬಂತು. ಬಳ್ಳಿಗೆ ದಂಡಿ ಹೊಲಿಗೆ, ಓರೆಯಾಗಿ ಒಂದರ ಬಗಲಿಗೊಂದು, ಹಗ್ಗ ಹೊಸೆದ ಹಾಗೆ. ಅಂಚಿಗೆ ಸರಪಳಿ, ಕೊಂಡಿಯೊಳಗೆ ಕೊಂಡಿ.

ಸರಪಳಿ ಕಲಿತ ದಿನ ಮಡಿವಾಳಯ್ಯ ಮೈಮರೆತ. ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತುಟಿ ಕಚ್ಚಿ ಒಂದು ಗೇಣು ಉದ್ದದ ಸರಪಳಿ ಹಾಕಿ, ಹೆಮ್ಮೆಯಿಂದ ಪಡದೆಯ ಕೆಳಗೆ ತಳ್ಳಿದ. ಜೈತುನ್ಬೀ ಎಳೆದಳು. ಬಟ್ಟೆ ಬರಲಿಲ್ಲ. ಇನ್ನಷ್ಟು ಬಿಗಿಯಾಗಿ ಎಳೆದಳು. ಬಟ್ಟೆಯ ಜೊತೆಗೆ ಇನ್ನೊಂದು ಬಟ್ಟೆ ಬರತೊಡಗಿತು.

“ಯಾ ಅಲ್ಲಾ, ಇಷ್ಟುದ್ದ ಅರಿವಿ ಎಲ್ಲಿಂದ ತಂದ್ರಿ ಅಯ್ಯನೋರ? ಎಳದಷ್ಟೂ ಬರಾಕತ್ಯದ!”

“ಎಳೀಬ್ಯಾಡ್ರಿ ಖಾಲಾ! ಎಳೀಬ್ಯಾಡ್ರಿ! ನಂದು ಧೋತರ!”

ಮಜೀದಸಾಬ ಕತ್ತರಿ ಹಿಡಿದು ಓಡಿ ಬಂದ. ಧೋತರ ಉಳಿಯಿತು, ಮಾನವೂ ಸುಮಾರಾಗಿ ಉಳಿಯಿತು. ಆದರೆ ಅಂಗಡಿಯ ಮುಂದೆ ರವಿಕೆ ಹೊಲಿಸಲು ನಿಂತಿದ್ದ ನೀಲಾಬಾಯಿ ಇದನ್ನು ಕಣ್ಣಾರೆ ಕಂಡಳು.

ಮರುದಿನ ಬೆಳಗ್ಗೆ ನೀಲಾಬಾಯಿ ಮೂರು ಹರಿದ ರವಿಕೆ ತಂದು ಮಡಿವಾಳಯ್ಯನ ಮುಂದಿಟ್ಟಳು. “ಅಯ್ಯನೋರು ದರ್ಜಿ ಕೆಲಸ ಕಲ್ಯಾಕತ್ತೀರಂತ. ಮೊದಲ ಬೋಣಿ ನಮ್ಮದಾಗ್ಲಿ.”

ಸುದ್ದಿ ಅಲ್ಲಿಗೆ ನಿಲ್ಲಲಿಲ್ಲ; ಅದು ರೈಲು ಹತ್ತಿತು. ಚಿತ್ತಾಪುರದಲ್ಲಿ “ಮಡಿವಾಳಯ್ಯ ಹೊಲಿಗೆ ಕಲಿಯುತ್ತಿದ್ದಾನೆ” ಎಂದಿದ್ದದ್ದು ವಾಡಿಯಲ್ಲಿ ಗಾಡಿ ಬದಲಿಸುವಾಗ “ನೌಕರಿ ಬಿಟ್ಟು ಅಂಗಡಿ ಹಾಕಿದ್ದಾನೆ” ಎಂದಾಯಿತು. ಶಹಾಬಾದ್ ಸ್ಟೇಶನ್ನಿನಲ್ಲಿ ಇಳಿದಾಗ “ತಲೆ ಕೆಟ್ಟು, ಕೈಗೆ ಬಳೆ ಇಟ್ಟುಕೊಂಡು, ಹೆಣ್ಣುಮಕ್ಕಳ ನಡುವೆ ಕೂರುತ್ತಾನೆ” ಎಂದಿತ್ತು. ಕಟ್ಟಿಗೆಯ ಬಳೆಯ ವಿಷಯ ಅಷ್ಟು ದೂರದ ಪ್ರಯಾಣದಲ್ಲಿ ಗಾಜಿನದಾಗಿತ್ತು.

ಶಹಾಬಾದಿನಲ್ಲಿ ಅವನ ಅತ್ತೆ ಭಾಗಮ್ಮ ಇದ್ದಳು. ಎರಡನೆಯ ದಿನ ಬುತ್ತಿ, ಭಂಡಾರ, ಒಂದು ತಾಯತದ ಸಮೇತ ಅವಳು ಚಿತ್ತಾಪುರಕ್ಕೆ ಬಂದಿಳಿದಳು. ಮನೆಯೊಳಗೆ ಕಾಲಿಟ್ಟಾಗ ಅಳಿಯ ಕಿಟಕಿಯ ಬೆಳಕಿಗೆ ಕುಳಿತು, ಗುಲಾಬಿಯ ದಳಕ್ಕೆ ಕೆಂಪು ದಾರ ತುಂಬುತ್ತಿದ್ದ.

“ಅಯ್ಯಯ್ಯೋ ನನ್ನ ಮಗಳ ನಸೀಬ!” ಎಂದು ಭಾಗಮ್ಮ ಹೊಸ್ತಿಲಲ್ಲೇ ಕುಸಿದಳು. “ಗುರುದೇವಿ, ಎಂದಿನಿಂದ ಹಿಂಗ? ಊಟ ಮಾಡ್ತಾರಾ? ನಿನ್ನ ಗುರ್ತು ಹಿಡೀತಾರಾ?”

“ಗುರ್ತು ಹಿಡೀತಾರವ್ವ. ಬಣ್ಣ ಗುರ್ತು ಹಿಡಿಯೂದಿಲ್ಲ. ನಿನ್ನೆ ಎಲಿಗಿ ನೀಲಿ ಹಾಕ್ಯಾರ.”

ಭಾಗಮ್ಮ ತಾಯತ ಹಿಡಿದು ಮೆಲ್ಲಗೆ ಹತ್ತಿರ ಬಂದಳು. “ಅಳಿಯಂದ್ರ, ನನ್ನ ಮುಖ ನೋಡ್ರಿ. ನಾ ಯಾರು?”

“ಸ್ವಲ್ಪ ತಡೀರಿ ಅತ್ತಿ” ಎಂದ ಮಡಿವಾಳಯ್ಯ ತಲೆಯೆತ್ತದೆ. “ಹೊಟ್ಟಿ ತುಂಬಾಕತ್ತೀನಿ. ನಡುವ ಬಿಟ್ರ ಹೆಗ್ಗಣ ಕಡಿದ್ಹಾಂಗ ಆಗ್ತದ.”

ಭಾಗಮ್ಮ ಮತ್ತೆ ಹೊಸ್ತಿಲಿಗೆ ಹೋಗಿ ಕುಳಿತು ಅತ್ತಳು. ವಿಷಯ ತಿಳಿಸಿ ಹೇಳಲು ಗುರುದೇವಿಗೆ ಸಂಜೆಯವರೆಗೆ ಬೇಕಾಯಿತು. ತಿಳಿದ ಮೇಲೆ ಭಾಗಮ್ಮ ಕಣ್ಣೊರೆಸಿಕೊಂಡು, ಖಾಯಂ ನೌಕರಿಗಾದರೆ ಹೊಲಿಯಲಿ, ಬೇಕಾದರೆ ಬಳೆಯನ್ನೂ ಇಟ್ಟುಕೊಳ್ಳಲಿ ಎಂದಳು.

ಈ ನಡುವೆ ಕಚೇರಿಯಲ್ಲಿ ಇನ್ನೊಂದು ಕೆಲಸ ನಡೆಯಿತು. ಸರ್ವರಬೇಗಂ ಅವರಿಗೆ ಕಳಿಸುವ ಆಮಂತ್ರಣವನ್ನು ಸಾಹೇಬರು ಕನ್ನಡದಲ್ಲಿ ಹೇಳಿ, ಉರ್ದುವಿನಲ್ಲಿ ಬರೆಯಲು ಅಂಬಾರಾಯನಿಗೆ ಕೊಟ್ಟರು. “ನಮ್ಮ ಗುಮಾಸ್ತರೊಬ್ಬರು ತಮ್ಮ ಮುಂದೆ ಕಶೀದಾ ಹಾಕಿ ತೋರಿಸುವರು” ಎಂದಿತ್ತು. ಅಂಬಾರಾಯ ಕುಳಿತು ಯೋಚಿಸಿದ. ಇಷ್ಟು ದಿನ ಮಡಿವಾಳಯ್ಯ ಮುಳುಗುವುದನ್ನು ನೋಡಲು ಕಾದರೆ, ಅವನು ಮುಳುಗುವುದನ್ನು ಬಿಟ್ಟು ಈಜು ಕಲಿಯುತ್ತಿದ್ದಾನೆ! ಅಂಬಾರಾಯ ಲೇಖಣಿಕೆ ಅದ್ದಿ, ಅತ್ಯಂತ ಸುಂದರವಾದ ಉರ್ದುವಿನಲ್ಲಿ, “ತಮ್ಮ ಸನ್ನಿಧಿಯಲ್ಲಿ ತಮ್ಮನ್ನು ಕುರಿತು ಒಂದು ಕಸೀದಾ ಅರ್ಪಿಸುವರು” ಎಂದು ಬರೆದ. ಬೇಗಂ ಪದ್ಯ ಕೇಳಬೇಕು, ಇವನು ಸೂಜಿ ತೋರಿಸಬೇಕು, ಸಾಹೇಬರ ಮುಖ ಕೆಂಪಾಗಬೇಕು, ಆ ಕಾಗದದ ಮೇಲಿನ ಹೆಸರು ಮತ್ತೊಮ್ಮೆ ಬದಲಾಗಬೇಕು.

ಉದ್ಘಾಟನೆಯ ಹಿಂದಿನ ದಿನ ಮಡಿವಾಳಯ್ಯನ ಬಟ್ಟೆ ಮುಗಿಯಿತು. ಹೂ ಹೂವಿನಂತೆಯೇ ಇತ್ತು. ಹೆಸರು ಸ್ವಲ್ಪ ಇಳಿಜಾರಾಗಿದ್ದರೂ ಓದಬಹುದಿತ್ತು. ಬುಲ್‌ಬುಲ್ ಮಾತ್ರ, ಹೊಟ್ಟೆ ತುಂಬುವಾಗ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ, ಚೆನ್ನಾಗಿ ಮೇಯ್ದ ಕೋಳಿಯಾಗಿತ್ತು. ಜೈತುನ್ಬೀ ಪಡದೆಯ ಆಚೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಈ ಸಲ ಬಿಚ್ಚಲಿಲ್ಲ. ಬಳ್ಳಿಯ ತುದಿಯಲ್ಲಿ ಒಂದು ಎಲೆಯ ಜಾಗ ಖಾಲಿ ಉಳಿದಿತ್ತು. ಅಲ್ಲಿ ಮೂಂಗಿಯಾ ದಾರದಿಂದ, ಅಂದರೆ ಹೆಸರುಕಾಳಿನ ಹಸಿರಿನಿಂದ, ತಾನೇ ಒಂದು ಎಲೆ ಹಾಕಿ ಕಳಿಸಿದಳು.

“ಎಲಿ ಅಂದ್ರ ಹ್ಯಾಂಗಿರಬೇಕು ಅಂತ ನೋಡ್ಕೊಳ್ರಿ. ಕೇಳಿದ್ರ ಇದನ್ನೂ ನಿಮ್ಮದಂತ ಹೇಳಬ್ಯಾಡ್ರಿ ಮತ್ತ.”

ಮರುದಿನ ಶಾಲೆಯ ಪಡಸಾಲೆ ತುಂಬಿತು. ಒಂದು ಬದಿಗೆ ಪಡದೆ ಕಟ್ಟಿ ಮುಸಲ್ಮಾನ ಹೆಣ್ಣುಮಕ್ಕಳಿಗೆ ಜಾಗ ಮಾಡಿದ್ದರು. ಜೈತುನ್ಬೀಯೂ ಅಲ್ಲಿ ಬಂದು ಕುಳಿತಿದ್ದಳು. ಮುಂದೆ ಗುರುದೇವಿ, ನೀಲಾಬಾಯಿ, ಭಾಗಮ್ಮ. ಸರ್ವರಬೇಗಂ ಹೈದರಾಬಾದಿನ ಗಾಡಿಯಿಂದ ಇಳಿದು ಬಂದರು: ಐವತ್ತರ ವಯಸ್ಸು, ದಪ್ಪ ಕನ್ನಡಕ, ಕೈಯಲ್ಲಿ ಕೊಡೆ, ಪಡದೆಗಿಡದೆ ಏನೂ ಇಲ್ಲ. ದೀಪ ಹಚ್ಚಿದರು, ಉರ್ದುವಿನಲ್ಲಿ ಮಾತಾಡಿದರು, ಕುಳಿತರು. ವಿಮಲಾಬಾಯಿ ಕೈ ತೋರಿಸಿದರು. ಮಡಿವಾಳಯ್ಯ ಬಟ್ಟೆ ಹಿಡಿದು ಮುಂದೆ ಬಂದು, ಸೂಜಿಗೆ ದಾರ ಪೋಣಿಸಿದ. ಒಂದೇ ಸಲಕ್ಕೆ ಹೋಯಿತು. ಜೀವನದಲ್ಲಿ ಮೊದಲ ಬಾರಿಗೆ.

ಬೇಗಂ ಕನ್ನಡಕ ಮೂಗಿನ ತುದಿಗೆ ಇಳಿಸಿದರು. “ಯೇ ಸೂಯಿ ಕ್ಯೋಂ? ಅಪನಾ ಕಸೀದಾ ಸುನಾಯಿಯೇ” ಎಂದರು. ಸೂಜಿ ಯಾಕೆ, ನಿಮ್ಮ ಪದ್ಯ ಕೇಳಿಸಿ ಎಂದು.

ಸಾಹೇಬರು ಬಾಗಿ, “ತೋರಸ್ರಿ ಅನ್ನಾಕತ್ಯಾರ, ತೋರಸ್ರಿ” ಎಂದು ಪಿಸುಗುಟ್ಟಿದರು.

“ತೋರಿಸೋದಲ್ಲ,” ಎಂದರು ಬೇಗಂ, ಈಗ ಅಚ್ಚ ಕನ್ನಡದಲ್ಲಿ. ಅವರ ತವರು ಗುಲ್ಬರ್ಗ ಎಂದು ಯಾರಿಗೂ ಗೊತ್ತಿರಲಿಲ್ಲ. “ಹೇಳ್ರಿ. ನಿಮ್ಮ ಪತ್ರದಾಗ ಕಸೀದಾ ಹೇಳ್ತಾರಂತ ಬರದದ. ಅದನ್ನ ಕೇಳಬೇಕಂತಲೇ ಬಂದೀನಿ.”

ಹಿಂದಿನ ಸಾಲಿನಲ್ಲಿ ಅಂಬಾರಾಯ ಕಾಲ ಮೇಲೆ ಕಾಲು ಹಾಕಿದ. ಸಾಹೇಬರು ಹೆಂಡತಿಯ ಮುಖ ನೋಡಿದರು, ಹೆಂಡತಿ ಮಡಿವಾಳಯ್ಯನ ಮುಖ ನೋಡಿದರು. ಮಡಿವಾಳಯ್ಯ ಯಾರ ಮುಖವನ್ನೂ ನೋಡಲಿಲ್ಲ. ನಾಲ್ಕು ವರ್ಷ ಹೊಟ್ಟೆಯಲ್ಲಿ ಕುಳಿತಿದ್ದದ್ದು ಎದ್ದು ಗಂಟಲಿಗೆ ಬಂದಿತ್ತು. ಟೋಪಿ ಸರಿಮಾಡಿಕೊಂಡು ಶುರು ಹಚ್ಚಿದ.

ತೋಟ ಬಂತು. ಗುಲಾಬಿ ಅರಳಿತು. ಬುಲ್‌ಬುಲ್ ಹಾಡಿತು. ಸರ್ವರ್ ಎಂಬ ಹೆಸರು ಸಾಲಿನಲ್ಲಿ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಬೇಗಂ “ವಾಹ್” ಎಂದರು. ಆ “ವಾಹ್” ಕೇಳಿ ಮಡಿವಾಳಯ್ಯ ಕಣ್ಣು ಮುಚ್ಚಿದ, ನಾಲಿಗೆಯನ್ನು ಅದರ ಪಾಡಿಗೆ ಬಿಟ್ಟ. ನಾಲಿಗೆ ಹದಿನೈದು ವರ್ಷದ ರೂಢಿಯ ಮೇಲೆ ಮುಂದಿನ ಸಾಲಿಗೆ ಹೋಯಿತು. ಆ ಪದ್ಯ ಹುಟ್ಟಿದ್ದು ಗಂಡು ಸಾಹೇಬರುಗಳಿಗಾಗಿ. ಮುಂದಿನ ಸಾಲಿನಲ್ಲಿದ್ದದ್ದು, ತಮ್ಮ ಮೂಂಛಿನ ತಿರುವಿಗೆ ವೈರಿಯ ಕತ್ತಿ ಬಾಗುತ್ತದೆ ಎಂದು. ಮೂಂಛ್ ಎಂದರೆ ಮೀಸೆ.

“ಆಪ್ ಕೀ ಮೂಂ…” ಎಂದು ಮಡಿವಾಳಯ್ಯ ನಿಂತ.

ಬೇಗಂ ಹುಬ್ಬು ಏರಿಸಿದರು. ಅವರ ಕೈ ತಾನಾಗಿ ಮೇಲ್ದುಟಿಯ ಕಡೆ ಹೋಯಿತು. ಅಂಬಾರಾಯ ಉಸಿರು ಹಿಡಿದು ಮುಂದಕ್ಕೆ ಬಾಗಿದ.

“ಮೂಂ…” ಎಂದ ಮಡಿವಾಳಯ್ಯ ಇನ್ನೊಮ್ಮೆ. ಕೆಳಗೆ ನೋಡಿದ. ಕೈಯಲ್ಲಿ ಬಟ್ಟೆಯಿತ್ತು. ಬಟ್ಟೆಯ ಮೂಲೆಯಲ್ಲಿ ಎಲೆಯಿತ್ತು.

“ಮೂಂಗಿಯಾ ಧಾಗಾ!” ಎಂದು ಆ ಹಸಿರು ದಾರದ ಹೆಸರನ್ನೇ ಕೂಗಿದ.

ಮುಂದೆ ಅವನಿಗೆ ಬಾಯಿಪಾಠವಿದ್ದದ್ದು ಏನೂ ಇರಲಿಲ್ಲ. ಹುಟ್ಟಿದ ಮೇಲೆ ಮೊಟ್ಟಮೊದಲಿಗೆ ಅವನು ಸ್ವಂತ ಪದ್ಯ ಕಟ್ಟಬೇಕಾಯಿತು, ಅದೂ ನಿಂತ ನಿಲುವಿನಲ್ಲಿ, ಅರ್ಧ ಉರ್ದು, ಅರ್ಧ ಕನ್ನಡದಲ್ಲಿ. ಬಟ್ಟೆಯನ್ನು ಎತ್ತಿ ಹಿಡಿದು ಒಂದೊಂದೇ ಹೊಲಿಗೆಯ ಮೇಲೆ ಬೆರಳಿಟ್ಟು ಹೇಳಿದ. ಈ ಓಡುವ ಹೊಲಿಗೆ ನನ್ನದು, ಬೇಗಂ ಸಾಹೇಬಾ. ವಾಡಿಗೆ ಹೋಗುವ ಪ್ಯಾಸೆಂಜರಿನಂತೆ ಕಂಡಲ್ಲೆಲ್ಲ ನಿಂತಿದೆ. ಈ ಸರಪಳಿ ನನ್ನದು. ನಡುವೆ ಎರಡು ಕೊಂಡಿ ಕಳಚಿವೆ, ಕೈದಿ ಓಡಿಹೋಗಿದ್ದಾನೆ. ಈ ಬುಲ್‌ಬುಲ್ ನನ್ನದು. ಅದನ್ನು ಕೋಳಿ ಎಂದವರನ್ನು ಕ್ಷಮಿಸಿದ್ದೇನೆ. ಆದರೆ ಈ ಎಲೆ ನನ್ನದಲ್ಲ. ಈ ಹಸಿರು ಎಲೆಯ ಅಂಚು ನೋಡಿ, ಹೊಟ್ಟೆ ನೋಡಿ, ಒಂದು ಎಳೆ ಇನ್ನೊಂದರ ಮೇಲೆ ಬಿದ್ದಿಲ್ಲ. ಈ ಕೈ ಪಡದೆಯ ಆಚೆ ಇದೆ. ತಿಂಗಳಿಡೀ ನನ್ನ ತಪ್ಪುಗಳನ್ನು ಬಿಚ್ಚಿತು. ಸಾಹೇಬರುಗಳನ್ನು ಬಹಳ ಹೊಗಳಿದೆ. ಇವತ್ತು ಈ ಕೈಯನ್ನು ಹೊಗಳುತ್ತೇನೆ.

ಹೇಳಿ ಮುಗಿಸಿ ಟೋಪಿ ಸರಿಮಾಡಿಕೊಂಡ. ಮೊದಲು ಚಪ್ಪಾಳೆ ಹೊಡೆದದ್ದು ಭಾಗಮ್ಮ. ಅವಳಿಗೆ ಒಂದಕ್ಷರವೂ ತಿಳಿದಿರಲಿಲ್ಲ.

ಬೇಗಂ ಎದ್ದು ಬಂದು ಬಟ್ಟೆಯನ್ನು ಕನ್ನಡಕದ ಹತ್ತಿರ ಹಿಡಿದರು. ಕೋಳಿಯನ್ನು ದಾಟಿ ಎಲೆಯ ಮೇಲೆ ನಿಂತರು. “ಇದು ಯಾರ ಕೈ?”

ವಿಮಲಾಬಾಯಿಗೆ ಆ ಹೊತ್ತಿಗೆ ಎಲ್ಲ ಹೊಳೆದಿತ್ತು. ಸೆರಗು ಬಾಯಿಗೆ ಒತ್ತಿಕೊಂಡು, ಗಂಡನ ಕಿವಿಯಲ್ಲಿ, “ಪದ್ಯ ರೀ, ಪದ್ಯ! ಅವತ್ತ ಅವರು ಹೇಳಿದ್ದು ಪದ್ಯ!” ಎಂದು ನಗುತ್ತಿದ್ದರು. ಸಾಹೇಬರು ಮಡಿವಾಳಯ್ಯನ ಕಡೆ ತಿರುಗಿದರು. “ಮೊದಲ ಹೇಳಬಾರದಾಗಿತ್ತೇನ್ರಿ?”

“ಹೇಳಾಕೇ ಬಂದಿದ್ದೆರಿ. ಕಾಗದದ ಮ್ಯಾಲ ನನ್ನ ಹೆಸರು ಭಾಳ ಚಂದ ಕಂಡಿತು.”

ಬೇಗಂ ಪಡದೆಯ ಹತ್ತಿರ ಹೋಗಿ ಜೈತುನ್ಬೀಯೊಡನೆ ಮಾತಾಡಿದರು. ಮಹಿಳಾ ಮಂಡಳಕ್ಕೆ ಕಶೀದಾ ಕಲಿಸುವ ಉಸ್ತಾದ್‌ಬಿ ನೀವೇ ಆಗಬೇಕು, ಸರಕಾರದಿಂದ ಸಂಬಳ ಎಂದರು. ಒಳಗಿನಿಂದ ಇಡೀ ಪಡಸಾಲೆಗೆ ಕೇಳುವಂತೆ ದನಿ ಬಂತು:

“ಒಂದು ಕರಾರು ಅದರಿ. ಹೆಣ್ಣುಮಕ್ಕಳು ಎಷ್ಟು ಮಂದಿ ಬಂದ್ರೂ ಕಲಸ್ತೀನಿ. ಗಂಡಸರಿಗಿ ಇನ್ನ ಕಲಸೂದಿಲ್ಲ. ಒಬ್ಬರಿಗಿ ಕಲಸಿ ಕಣ್ಣು ಹೋಗ್ಯಾವ.”

ನಗು ಇಳಿದ ಮೇಲೆ ಸಾಹೇಬರು ಅಲ್ಲೇ, ಮೇಜಿನ ಮೇಲೆ, ಮಡಿವಾಳಯ್ಯನ ಖಾಯಂ ಕಾಗದಕ್ಕೆ ಸಹಿ ಹಾಕಿದರು. ಹೊರಡುವಾಗ ಬೇಗಂ ಮತ್ತೆ ನಿಂತರು. “ಆ ಪತ್ರ ಬರದವರು ಯಾರು? ಹೈದರಾಬಾದಿನಾಗೂ ಅಂಥ ಉರ್ದು ಬರೆಯೋರು ಕಡಿಮಿ ಆಗ್ಯಾರ. ಅವರನ್ನ ನನ್ನ ದಫ್ತರಿಗೆ ಕೊಡ್ರಿ.” ಚಿತ್ತಾಪುರ ಬಿಟ್ಟು ಎಲ್ಲೂ ಒಂದು ದಿನವೂ ಇರದಿದ್ದ ಅಂಬಾರಾಯ ಎದ್ದು ನಿಂತು, ಏನೋ ಹೇಳಲು ಬಾಯಿ ತೆರೆದ. ಬೇಗಂ ಅದನ್ನು ಕೃತಜ್ಞತೆ ಎಂದು ತಿಳಿದು ಬೆನ್ನು ತಟ್ಟಿದರು.

ಎಂಟನೆಯ ದಿನ ಬೆಳಗ್ಗೆ ಅಂಬಾರಾಯ ಟ್ರಂಕು, ಹಾಸಿಗೆ, ಭಜನೆಯ ತಾಳಗಳ ಸಮೇತ ಹೈದರಾಬಾದಿನ ಗಾಡಿ ಹತ್ತಿದ. ಕಳಿಸಲು ಬಂದವನು ಮಡಿವಾಳಯ್ಯ ಒಬ್ಬನೇ. ಅಂಬಾರಾಯ ಪತ್ರದಲ್ಲಿ ಮಾಡಿದ್ದು ಏನೆಂದು ಅವನಿಗೆ ಗೊತ್ತಾಗಿರಲೇ ಇಲ್ಲ. ಗೆಳೆಯ ತನ್ನ ಪದ್ಯ ಮೇಲಿನವರಿಗೆ ಕೇಳಿಸಲೆಂದು ಉಪಕಾರ ಮಾಡಿದನೆಂದೇ ಎಲ್ಲರಿಗೂ ಹೇಳುತ್ತಿದ್ದ. ಗಾರ್ಡ್ ಶಿಳ್ಳೆ ಊದಿದ ಮೇಲೆ ಅವನು ಜೇಬಿನಿಂದ ಒಂದು ಕರವಸ್ತ್ರ ತೆಗೆದು ಕಿಟಕಿಯೊಳಗೆ ಕೊಟ್ಟ. ಮೂಲೆಯಲ್ಲಿ ದಂಡಿ ಹೊಲಿಗೆಯಲ್ಲಿ “ಅಂಬಾರಾಯ” ಎಂದಿತ್ತು.

“ಬೆಳಗಿನ ಜಾವ ಎದ್ದು ಹಾಕೀನಿ. ನೆನಪಿಗಿ ಇಟ್ಕೋ.”

ಅಂಬಾರಾಯನಿಗೆ ತಡೆಯಲಾಗಲಿಲ್ಲ. ಗಾಡಿ ಅಲುಗಾಡಿತು, ಊರು ಹಿಂದೆ ಸರಿಯತೊಡಗಿತು. ಕಣ್ಣು ತುಂಬಿ ಬಂದು, ಕರವಸ್ತ್ರವನ್ನು ಮುಖಕ್ಕೆ ಬಿಗಿಯಾಗಿ ಒತ್ತಿಕೊಂಡ. ಮರುಕ್ಷಣವೇ “ಅಯ್ಯಯ್ಯಪ್ಪಾ!” ಎಂದು ಇಡೀ ಪ್ಲಾಟ್‌ಫಾರ್ಮು ತಿರುಗಿ ನೋಡುವಂತೆ ಚೀರಿದ. ಗಾಡಿ ಮುಂದಿನ ತಿರುವು ದಾಟುವವರೆಗೆ ಆ ಕೂಗು ಕೇಳಿಸುತ್ತಿತ್ತು.

ಮಡಿವಾಳಯ್ಯ ಕಣ್ಣೊರೆಸಿಕೊಳ್ಳುತ್ತ ಮನೆಗೆ ಬಂದ. “ಗುರುದೇವಿ, ಅಂಬಾರಾಯಗ ನನ್ನ ಮ್ಯಾಲ ಇಷ್ಟು ಜೀವ ಅದಂತ ನನಗ ಗೊತ್ತೇ ಇರ್ಲಿಲ್ಲ ನೋಡು. ಎಂಥಾ ಕೂಗು ಕೂಗಿದ!”

ಗುರುದೇವಿ ದಾರದ ಡಬ್ಬಿಯನ್ನು ನೆಲಕ್ಕೆ ಸುರುವಿಕೊಂಡು ಕುಳಿತಿದ್ದಳು.

“ಅದಿರ್ಲಿ,” ಎಂದಳು, “ಮುಂಜಾನಿ ನಿಮಗ ಕೊಟ್ಟ ಸೂಜಿ ಎಲ್ಲಿಟ್ಟೀರಿ?”